ತುಂಬುಚಂದಿರನ ಹಬ್ಬ

ಹಬ್ಬಗಳಿಲ್ಲದ ಜನಾಂಗ ಜಗತ್ತಿನಲ್ಲಿ ಇಲ್ಲವೆಂದೇ ಹೇಳಬಹುದು. ಬೆಳೆ ಕೈಗೆ ಬಂದಾಗ ಭೂಮಿಯನ್ನು ನೆನೆದು, ದುಡಿದ ಕೈಗಳಿಗೆ ಒಂದು ದಿನ ಬಿಡುವು ಕೊಟ್ಟು, ಮನೆಮಂದಿಯೊಡನೆ ಕುಳಿತು ಉಣ್ಣುವ ಪದ್ಧತಿ ಬಹುತೇಕ ಎಲ್ಲ ನಾಡುಗಳಲ್ಲಿಯೂ ಉಂಟು. ನಮ್ಮ ನೆರೆಯ ದೇಶವಾದ ಚೀನದಲ್ಲಿ ಹೊಸ ವರ್ಷದ ಹಬ್ಬವನ್ನು ಬಿಟ್ಟರೆ ಜನರಿಗೆ ಅತ್ಯಂತ ಪ್ರಿಯವಾದುದು ಶರತ್ಕಾಲದ ಹುಣ್ಣಿಮೆಯ ಹಬ್ಬ. ಚೀನೀ ಭಾಷೆಯಲ್ಲಿ ಇದನ್ನು ‘ಝೋಂಗ್‌ಚಿಯು’ ಎಂದು ಕರೆಯುವರು. ಶರತ್ಕಾಲದ ನಡು ಎಂಬುದು ಆ ಮಾತಿನ ಅರ್ಥ.

ಚೀನೀಯರ ಸಾಂಪ್ರದಾಯಿಕ ಪಂಚಾಂಗವೂ ನಮ್ಮ ಚಾಂದ್ರಮಾನ ಪಂಚಾಂಗದಂತೆ ಚಂದ್ರನ ಗತಿಯನ್ನು ಅನುಸರಿಸುತ್ತದೆ; ಋತುಗಳೊಡನೆ ಹೊಂದಿಕೆ ತಪ್ಪದಂತೆ ಆಗಾಗ ಅಧಿಕಮಾಸವನ್ನು ಸೇರಿಸಿಕೊಳ್ಳುತ್ತದೆ. ಅದರ ಪ್ರಕಾರ ಏಳು, ಎಂಟು ಮತ್ತು ಒಂಬತ್ತನೆಯ ತಿಂಗಳುಗಳು ಶರತ್ಕಾಲ. ಎಂಟನೆಯ ತಿಂಗಳು ಆ ಋತುವಿನ ನಡು. ಹದಿನೈದನೆಯ ದಿನ ಆ ತಿಂಗಳಿನ ನಡು. ಆ ದಿನವೇ ಹಬ್ಬ. ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳಲ್ಲಿ ಬರುವ ಈ ಹಬ್ಬ ಸಾಮಾನ್ಯವಾಗಿ ನಮ್ಮ ಭಾದ್ರಪದದ ಹುಣ್ಣಿಮೆಯ ಹೊತ್ತಿಗೆ ಬೀಳುತ್ತದೆ. ಆಗ ಮಳೆ ಹಿಂದೆಗೆದು ಆಕಾಶ ತಿಳಿಯಾಗಿರುವುದು; ಹೊಲಗದ್ದೆಗಳಲ್ಲಿ ಸುಗ್ಗಿಯ ಸಡಗರ ತುಂಬಿರುವುದು. ಟಾಂಗ್ ಅರಸುಮನೆತನದ ಕಾಲದಲ್ಲಿ (618-907) ಈ ರಾತ್ರಿ ಚಂದ್ರದರ್ಶನ ಮಾಡುವ ವಾಡಿಕೆ ಹಬ್ಬಿತು. ಸಾಂಗ್ ಅರಸರ ಕಾಲಕ್ಕೆ (960-1279) ಅದು ಎಲ್ಲ ಜನರ ಹಬ್ಬವಾಗಿ ನೆಲೆಗೊಂಡಿತು.

ಈ ಹಬ್ಬದ ಹಿಂದೆ ಒಂದು ಪುರಾಣಕಥೆಯಿದೆ. ಹಿಂದೆ ಆಕಾಶದಲ್ಲಿ ಏಕಕಾಲಕ್ಕೆ ಹತ್ತು ಸೂರ್ಯರು ಮೂಡಿ ಭೂಮಿ ಬೆಂದುಹೋಗುತ್ತಿತ್ತಂತೆ. ಹೌ ಯಿ ಎಂಬ ಬಿಲ್ಲುಗಾರನು ಒಂಬತ್ತು ಸೂರ್ಯರನ್ನು ಹೊಡೆದುರುಳಿಸಿ ಲೋಕವನ್ನು ಉಳಿಸಿದನು. ಅವನಿಗೆ ಅಮರತ್ವವನ್ನು ಕೊಡುವ ಮದ್ದು ದೊರೆಯಿತು. ಅದು ದುಷ್ಟನೊಬ್ಬನ ಕೈಸೇರಬಾರದೆಂದು ಅವನ ಹೆಂಡತಿ ಚಾಂಗ್-ಎ ತಾನೇ ಅದನ್ನು ನುಂಗಿದಳೆಂದು ಒಂದು ಕಥೆ. ಆಸೆಯಿಂದ ಕದ್ದು ಕುಡಿದಳೆಂದು ಇನ್ನೊಂದು. ಹೇಗೇ ಇರಲಿ, ಅವಳ ದೇಹ ಹಗುರಾಗಿ ಮೇಲೇರಿ ಚಂದ್ರಲೋಕವನ್ನು ಸೇರಿತು. ಅಲ್ಲಿ ಅವಳಿಗೆ ಮದ್ದು ಕುಟ್ಟುವ ಬಿಳಿಯ ಮೊಲವೊಂದೇ ಸಂಗಾತಿ. ಚಂದ್ರನ ಕಲೆಯಲ್ಲಿ ಮೊಲವನ್ನು ಕಂಡು ಅವನನ್ನು ‘ಶಶಾಂಕ’ ಎಂದು ಕರೆದ ನಮಗೆ ಈ ಮೊಲ ಅಪರಿಚಿತವಲ್ಲ. ನೆಲದಲ್ಲಿ ಉಳಿದ ಗಂಡನು ಹೆಂಡತಿಗೆ ಪ್ರಿಯವಾದ ಹಣ್ಣು ಹಂಪಲುಗಳನ್ನು ಅಂಗಳದಲ್ಲಿ ಇರಿಸಿ, ಚಂದ್ರನನ್ನು ನೋಡುತ್ತ ನಿಂತನಂತೆ. 2013ರಲ್ಲಿ ಚೀನದ ವಿಜ್ಞಾನಿಗಳು ಚಂದ್ರನ ಮೇಲೆ ಇಳಿಸಿದ ನೌಕೆಗೆ ಚಾಂಗ್-ಎಯ ಹೆಸರನ್ನೂ, ಅದರಿಂದ ಇಳಿದು ಸಂಚರಿಸಿದ ಪುಟ್ಟ ವಾಹನಕ್ಕೆ ಆ ಮೊಲದ ಹೆಸರನ್ನೂ ಇಟ್ಟರು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇದು ಮನೆಮಂದಿ ಒಂದುಗೂಡುವ ಹಬ್ಬ. ಆದರೆ ಇದರ ಕಥೆ ಅಗಲಿಕೆಯ ಕಥೆ. ಚೀನೀಯರ ಬಾಳಿನಲ್ಲಿಯೂ ಹೀಗೆಯೇ ಆಗಿದೆ. ಸಾಂಗ್ ಅರಸರ ಕಾಲದ ಮಹಾಕವಿ ಸು ಷಿ ಸರ್ಕಾರಿ ಅಧಿಕಾರಿಯಾಗಿ ಊರಿಂದೂರಿಗೆ ವರ್ಗವಾಗುತ್ತಿದ್ದವನು. 1076ರ ಈ ಹುಣ್ಣಿಮೆಯ ರಾತ್ರಿ ಅವನು ತನ್ನ ತಮ್ಮನಾದ ಸು ಚೆಯಿಂದ ದೂರವಿದ್ದನು. ಅಣ್ಣತಮ್ಮಂದಿರು ಕೆಲವು ವರ್ಷಗಳಿಂದ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಆ ರಾತ್ರಿ ತಮ್ಮನನ್ನು ನೆನೆದು ಅವನು ಬರೆದ ಗೀತೆಯನ್ನು ಚೀನೀಯರು ಇಂದಿಗೂ ಹಾಡುತ್ತಾರೆ.

ಚೀನೀ ಭಾಷೆಯಲ್ಲಿ ‘ಯುವಾನ್’ ಎಂದರೆ ದುಂಡು. ‘ತುವಾನ್‌ಯುವಾನ್’ ಎಂದರೆ ಅಗಲಿದವರು ಮತ್ತೆ ಕೂಡುವುದು. ಆದ್ದರಿಂದ ಹುಣ್ಣಿಮೆಯ ದುಂಡುಚಂದ್ರನು ತುಂಬಿದ ಮನೆಯ ಸಂಕೇತ. ಹಬ್ಬದ ಮುಖ್ಯ ತಿನಿಸಾದ ‘ಯುವೆಬಿಂಗ್’ ಅಥವಾ ಚಂದ್ರಭಕ್ಷ್ಯವೂ ಸಾಮಾನ್ಯವಾಗಿ ದುಂಡಗೆಯೇ ಇರುವುದು. ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದವರು ಗೋಧಿಹಿಟ್ಟಿಗೆ ಸಕ್ಕರೆಯ ಪಾಕವನ್ನೂ ಎಣ್ಣೆಯನ್ನೂ ಬೆರೆಸಿ ಕಣಕ ನಾದುವರು. ತಾವರೆಯ ಬೀಜವನ್ನು ಬೇಯಿಸಿ ಅರೆದ ಸಿಹಿ ಹೂರಣದ ನಡುವೆ, ಉಪ್ಪಿನಲ್ಲಿ ಹದಗೊಳಿಸಿದ ಬಾತುಕೋಳಿ ಮೊಟ್ಟೆಯ ಹಳದಿ ಭಾಗವನ್ನು ಹುದುಗಿಸುವರು. ಕತ್ತರಿಸಿದಾಗ ಅದು ಪುಟ್ಟ ಚಂದ್ರನಂತೆ ಕಾಣುವುದು. ಹೂರಣ ತುಂಬಿದ ಉಂಡೆಯನ್ನು ಮರದ ಅಚ್ಚಿನಲ್ಲಿ ಒತ್ತಿ ಒಲೆಯಲ್ಲಿ ಬೇಯಿಸುವರು. ಒಲೆಯಿಂದ ತೆಗೆದಾಗ ಅದರ ಹೊರಕವಚ ಗಟ್ಟಿಯಾಗಿರುವುದು; ಎರಡು ಮೂರು ದಿನಗಳಲ್ಲಿ ಹೂರಣದ ಎಣ್ಣೆ ಹೊರಕ್ಕೆ ಒಸರಿ ಮೆತ್ತಗಾಗುವುದು. ಆದುದರಿಂದ ಇದನ್ನು ಮಾಡುವವರಿಗೆ ಕಾಯುವ ತಾಳ್ಮೆಯೂ ಬೇಕು.

ಹಬ್ಬದ ಸಂಜೆ ಹಿರಿಯರು ಕಿರಿಯರೆಲ್ಲರೂ ಜೊತೆಯಲ್ಲಿ ಊಟಮಾಡುವರು. ಬಳಿಕ ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಮೇಜನ್ನು ಹಾಕಿ, ಚಕ್ಕೋತ, ಬೇಯಿಸಿದ ಕೆಸುವಿನ ಗೆಡ್ಡೆ, ಚಹ ಮತ್ತು ಚಂದ್ರಭಕ್ಷ್ಯಗಳನ್ನು ಇಡುವರು. ಮಕ್ಕಳು ನಮ್ಮ ಆಕಾಶಬುಟ್ಟಿಗಳನ್ನು ಹೋಲುವ ಕಾಗದದ ದೀಪಗಳನ್ನು ಹಿಡಿದು ಓಡಾಡುವರು. ಚಂದ್ರನು ಮೇಲೇರಿದಾಗ ಭಕ್ಷ್ಯವನ್ನು ಮನೆಯಲ್ಲಿರುವ ಜನರ ಸಂಖ್ಯೆಗೆ ಸರಿಯಾಗಿ ಸಮಪಾಲು ಮಾಡುವುದು ಹಳೆಯ ಸಂಪ್ರದಾಯ. ದೂರದೂರಿಗೆ ಹೋದವರನ್ನೂ ಎಣಿಕೆಯಲ್ಲಿ ಬಿಡುವುದಿಲ್ಲ. ಅವರ ಪಾಲನ್ನು ತೆಗೆದಿಡುವರು. ಕಣ್ಣಿಗೆ ಕಾಣದವನೂ ಆ ಪಂಕ್ತಿಯಲ್ಲಿ ಒಬ್ಬನಾಗಿಯೇ ಇರುವನು.

ಕಾಲ ಬದಲಾದಂತೆ ಹಬ್ಬದ ರೂಪವೂ ಬದಲಾಗಿದೆ. ಭಕ್ಷ್ಯಗಳನ್ನು ಮನೆಯಲ್ಲಿ ಮಾಡುವವರು ಕಡಿಮೆಯಾಗಿ, ಅಂಗಡಿಯ ಬೆಲೆಬಾಳುವ ಪೆಟ್ಟಿಗೆಗಳು ಉಡುಗೊರೆಯಾಗಿ ಕೈಯಿಂದ ಕೈಗೆ ಸಾಗುತ್ತಿವೆ. ಈ ಆಡಂಬರ ಅತಿಯಾದಾಗ 2022ರಲ್ಲಿ ಅಲ್ಲಿನ ಸರ್ಕಾರ ಪೆಟ್ಟಿಗೆಗಳ ಮೇಲಿನ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು. ಇನ್ನೊಂದೆಡೆ, ಹಳ್ಳಿಗಳಿಂದ ಕೋಟ್ಯಂತರ ಜನರು ಕೆಲಸವನ್ನರಸಿ ದೂರದ ನಗರಗಳಿಗೆ ಹೋಗಿದ್ದಾರೆ. ಎಷ್ಟೋ ಮಕ್ಕಳು ಅಜ್ಜ ಅಜ್ಜಿಯರ ಮಡಿಲಲ್ಲಿ ಬೆಳೆಯುತ್ತಿದ್ದಾರೆ. 2008ರಿಂದ ಈ ಹಬ್ಬಕ್ಕೆ ಚೀನದಲ್ಲಿ ಸಾರ್ವತ್ರಿಕ ರಜೆಯಿದ್ದರೂ, ಒಂದು ದಿನದ ರಜೆಯಲ್ಲಿ ಸಾವಿರಾರು ಕಿಲೋಮೀಟರು ದೂರದ ಊರನ್ನು ಮುಟ್ಟಿ ಮರಳುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಅಂತಹ ಮನೆಗಳಲ್ಲಿ ತಾಯಿಯ ದನಿ ಮಕ್ಕಳಿಗೆ ದೂರವಾಣಿಯಲ್ಲಿ ಮಾತ್ರ ಕೇಳಿಸುವುದು.

ಹಾಗೆಂದು ಹಬ್ಬ ಅರ್ಥವನ್ನು ಕಳೆದುಕೊಂಡಿಲ್ಲ. ಎಲ್ಲರೂ ಸೇರಿದ ಮನೆಯಲ್ಲಿ ಹಬ್ಬ ಆಚರಿಸುವುದು ಸುಲಭ. ಬಾರದವರನ್ನು ಮರೆಯದೆ, ಅವರಿಗೂ ಒಂದು ಪಾಲನ್ನು ಎತ್ತಿಡುವುದರಲ್ಲಿಯೇ ಮನೆತನದ ನಿಜವಾದ ಪ್ರೀತಿ ಕಾಣುವುದು. ಚಂದ್ರನು ತಿಂಗಳಿಗೊಮ್ಮೆ ಕ್ಷೀಣಿಸಿದರೂ ಮತ್ತೆ ತುಂಬಿ ಬರುವನು. ಅಗಲಿದವರೂ ಹಾಗೆಯೇ ಒಂದು ದಿನ ಬಂದು ಕೂಡುವರೆಂಬ ನಂಬಿಕೆಯೇ ಈ ತುಂಬುಚಂದಿರನ ಹಬ್ಬದ ತಿರುಳು.