ಬಾಡಿಗೆಗಿಂತ ಮೊದಲು ಗಡಿಯಾರ ನೋಡಿ

ಪ್ರವಾಸ ಹೊರಟವರು ತಂಗುವ ಜಾಗಗಳನ್ನು ಬಾಡಿಗೆಯ ಲೆಕ್ಕದಲ್ಲೇ ಅಳೆಯುತ್ತಾರೆ: ತಳದಲ್ಲಿ ಡಾರ್ಮಿಟರಿ, ಮೇಲೆ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜು, ಆಮೇಲೆ ಹೋಂಸ್ಟೇ, ಹೋಟೆಲು, ತುದಿಯಲ್ಲಿ ರೆಸಾರ್ಟು. ಊರೂರು ಸುತ್ತಿದ ಮೇಲೆ ನನಗೆ ಮನದಟ್ಟಾಗಿರುವುದು ಬೇರೆ. ಊರಿಗೆ ಎಷ್ಟು ಹೊತ್ತಿಗೆ ಇಳಿಯುತ್ತೇವೆ, ಎಷ್ಟು ಹೊತ್ತಿಗೆ ಬಿಡುತ್ತೇವೆ ಎಂಬುದು ಮೊದಲು ಗೊತ್ತಾಗಬೇಕು; ರೂಮಿನ ಬಗೆ, ಬಾಡಿಗೆ ಆಮೇಲಿನ ಮಾತು. ನಮ್ಮಲ್ಲಿ ಬಹಳಷ್ಟು ಜನ ರಾತ್ರಿ ಬಸ್ಸೋ ರೈಲೋ ಹತ್ತಿ ಬೆಳಗಿನ ಜಾವಕ್ಕೆ ಇಳಿಯುವವರು. ಆದರೆ ಬಹಳಷ್ಟು ಹೋಟೆಲುಗಳ ದಿನ ಶುರುವಾಗುವುದು ಮಧ್ಯಾಹ್ನ 12ಕ್ಕೆ.

ಹಂಪಿಯನ್ನೇ ನೋಡಿ. ರಾತ್ರಿ ರೈಲಿನಲ್ಲಿ ಹೊಸಪೇಟೆಗೆ ಬೆಳಗ್ಗೆ 7ಕ್ಕೆ ಇಳಿದು, ಅದೇ ರಾತ್ರಿ 9ಕ್ಕೆ ಮರಳುವವರಿಗೆ ರೂಮು ಬೇಕಾಗಿರುವುದು ಸ್ನಾನಕ್ಕೆ, ಸಾಮಾನು ಇಡುವುದಕ್ಕೆ, ಬಿಸಿಲೇರಿದಾಗ ಒಂದಿಷ್ಟು ಒರಗುವುದಕ್ಕೆ. ಬಂದ ಹೊತ್ತಿನಿಂದ 24 ಗಂಟೆ ಎಣಿಸುವ ಲಾಡ್ಜಿನಲ್ಲಿ ಇದು ಒಂದೇ ದಿನದ ಬಾಡಿಗೆ. ಮಧ್ಯಾಹ್ನ 12ರಿಂದ ದಿನ ಎಣಿಸುವ ಹೋಟೆಲಿನಲ್ಲಿ ಬೆಳಗಿನ ಐದು ಗಂಟೆ ಹಿಂದಿನ ದಿನದ ಪಾಲಿಗೆ ಸೇರುತ್ತದೆ. ಎರಡು ದಿನದ ಹಣ ಕೇಳಿದರೂ ನಿಯಮದ ಪ್ರಕಾರ ಅದು ತಪ್ಪಲ್ಲ. ರೈಲ್ವೆಯ ರಿಟೈರಿಂಗ್ ರೂಮು ಇರುವ ನಿಲ್ದಾಣಗಳಲ್ಲಿ ಖಚಿತ ಟಿಕೆಟ್ ಇದ್ದವರು ಅದನ್ನೂ ವಿಚಾರಿಸಬಹುದು. ಆದರೆ ವಿರೂಪಾಕ್ಷ ಗುಡಿಯ ಸುತ್ತ ಸೂರ್ಯೋದಯ ನೋಡಬೇಕು, ಎರಡು ದಿನ ನಿಧಾನವಾಗಿ ಓಡಾಡಬೇಕು ಎನ್ನುವವರಿಗೆ ಹೊಸಪೇಟೆಯ ಅಗ್ಗದ ಲಾಡ್ಜು ಅಗ್ಗವಲ್ಲ. ಸುಮಾರು 13 ಕಿ.ಮೀ. ದೂರಕ್ಕೆ ಪ್ರತಿಸಲವೂ ಆಟೋ ಬಾಡಿಗೆ ತೆರಬೇಕು. ಅವರಿಗೆ ಹಂಪಿಯ ಗೆಸ್ಟ್‌ಹೌಸೋ ಕಮಲಾಪುರದಲ್ಲಿರುವ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿಯೋ ಸರಿ. (ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಲಾಗಿದೆ. ಹಳೆಯ ಪ್ರವಾಸ ಬರಹಗಳನ್ನು ನಂಬಿ ಅಲ್ಲಿಗೆ ಹೊರಡಬೇಡಿ.)

ಲಾಡ್ಜು ಕೊಳಕು, ಹೆಂಗಸರು ಮಕ್ಕಳೊಂದಿಗೆ ಹೋಗುವ ಜಾಗವಲ್ಲ ಎನ್ನುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಚಿಲಕ ಭದ್ರವಿಲ್ಲದ, ಹಾಸಿಗೆ ಮಾಸಿದ ರೂಮುಗಳು ಎಷ್ಟೋ ಇವೆ. ಆದರೆ ಲಾಡ್ಜಿನಲ್ಲಿ ಒಂದು ಅನುಕೂಲವೂ ಇದೆ: ರೂಮು ತೋರಿಸಿ ಎಂದರೆ ತೋರಿಸುತ್ತಾರೆ, ಹಿಡಿಸದಿದ್ದರೆ ಮುಂದಿನ ಬಾಗಿಲಿಗೆ ಹೋಗಬಹುದು. ಮೊದಲೇ ಹಣ ಕಟ್ಟಿ, ಫೋಟೊ ನಂಬಿ ಬಂದವರಿಗೆ ಈ ಅವಕಾಶವಿಲ್ಲ. ಆ್ಯಪ್‌ನಲ್ಲಿ ಕಾಣುವ ನಕ್ಷತ್ರಗಳು ಸಾಲವೇ ಎಂದರೆ, ಸಾಲವು. ಕಾರಿನಲ್ಲಿ ಸಂಜೆ ಬಂದು ಬೆಳಗ್ಗೆ ಹೊರಟವರ ಮೆಚ್ಚುಗೆ, ಮುಂಜಾನೆ ಐದಕ್ಕೆ ಬ್ಯಾಗು ಹೊತ್ತು ನಿಂತವರಿಗೆ ಏನನ್ನೂ ಹೇಳುವುದಿಲ್ಲ.

ವಿಶ್ರಾಂತಿಗೇ ಹೋಗುವವರಿಗೆ ಈ ಗಂಟೆಗಳ ಲೆಕ್ಕ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಅವರಿಗೇ ಹೆಚ್ಚು ಬೇಕು. ಕೊಡಗು, ಚಿಕ್ಕಮಗಳೂರಿನ ಅನೇಕ ಹೋಂಸ್ಟೇಗಳಲ್ಲಿ ದರ ಹೇಳುವುದು ತಲೆಲೆಕ್ಕದಲ್ಲಿ, ಊಟ ತಿಂಡಿ ಸೇರಿಸಿ. ಸರ್ಕಾರದ ಜಂಗಲ್ ಲಾಡ್ಜಸ್‌ನ ಕಬಿನಿ ರೆಸಾರ್ಟಿನಲ್ಲಿ ಸಫಾರಿಯೂ ಅದರಲ್ಲೇ ಸೇರಿರುತ್ತದೆ. ಮೊತ್ತ ನೋಡಿ ಗಾಬರಿಯಾಗುವ ಮುನ್ನ ಅದನ್ನು ಬಿಡಿಸಿ ನೋಡಬೇಕು. ಸಂಜೆಯ ಸಫಾರಿ ತಪ್ಪುವಷ್ಟು ತಡವಾಗಿ ತಲುಪಿದರೆ, ಕೊಟ್ಟ ಹಣದ ದೊಡ್ಡ ಪಾಲು ಅಲ್ಲಿಗೇ ಹೋಯಿತು.

ಹಾಗಾಗಿ ಬುಕ್ ಮಾಡುವ ಮುನ್ನ ಒಮ್ಮೆ ಫೋನ್ ಮಾಡಿ. ನೀವು ಇಳಿಯುವ ಗಂಟೆ ಹೇಳಿ, ಆ ಹೊತ್ತಿಗೆ ರೂಮು ಸಿಗುತ್ತದೆಯೇ, ದಿನವನ್ನು ಎಲ್ಲಿಂದ ಎಣಿಸುತ್ತೀರಿ ಎಂದು ಕೇಳಿ. ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.