ಪುನರಾವರ್ತಿತ ಕಚೇರಿ ಕೆಲಸಕ್ಕೆ ತಂತ್ರಾಂಶ ಬಾಟ್: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಲೇಖನ

ಗ್ರಾಮ ಪಂಚಾಯಿತಿ ಕಚೇರಿಯ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವಿಚಾರಿಸಿ ತೀರ್ಮಾನಿಸುವ ಕೆಲಸ. ಯಾವ ಓಣಿಗೆ ಮೊದಲು ಚರಂಡಿ, ಯಾವ ಕುಟುಂಬಕ್ಕೆ ವಸತಿ, ಯಾರ ತಕರಾರಿನಲ್ಲಿ ಹುರುಳಿದೆ ಎಂಬುವು ಇದಕ್ಕೆ ಸೇರುತ್ತವೆ. ಎರಡನೆಯದು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಮಾಡುವ ಕೆಲಸ. ವಹಿಯ ಅಂಕಿಯನ್ನು ಗಣಕಯಂತ್ರಕ್ಕೆ ಏರಿಸುವುದು, ಒಂದು ತಃಖ್ತೆಯಿಂದ ಇನ್ನೊಂದಕ್ಕೆ ನಕಲು ಮಾಡುವುದು, ತೆರಿಗೆ ಬೇಡಿಕೆಯ ನೋಟಿಸು ಮುದ್ರಿಸುವುದು ಈ ಬಗೆಯವು. ಈ ಎರಡನೆಯ ಬಗೆಯ ಕೆಲಸವನ್ನು ತಂತ್ರಾಂಶಕ್ಕೇ ಒಪ್ಪಿಸುವ ಪದ್ಧತಿ ಬ್ಯಾಂಕು, ವಿಮಾ ಸಂಸ್ಥೆ ಮತ್ತು ಸರ್ಕಾರಿ ಕಚೇರಿಗಳಲ್ಲಿ ಬೆಳೆದಿದೆ. ಅದರ ಪ್ರಯೋಜನ ಯಾವುದು, ಮಿತಿ ಯಾವುದು ಎಂಬುದನ್ನು ಚುನಾಯಿತ ಸದಸ್ಯರು ಅರಿತಿರುವುದು ಅವಶ್ಯ.

1. ಬಾಟ್ ಎಂದರೇನು?

ಬಾಟ್ ಎಂಬುದು ರೋಬಾಟ್ ಪದದ ಹ್ರಸ್ವರೂಪ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಈ ಪದ ಜಗತ್ತಿಗೆ ಪರಿಚಯವಾಯಿತು. ಅದರ ಮೂಲವಾದ ಜೆಕ್ ಪದಕ್ಕೆ ಬಿಟ್ಟಿ ದುಡಿಮೆ ಎಂಬ ಅರ್ಥವಿದೆ. ಇಲ್ಲಿ ಹೇಳುವ ಬಾಟ್‌ಗೆ ಕೈಕಾಲುಗಳಿಲ್ಲ. ಅದು ಗಣಕಯಂತ್ರದೊಳಗೆ ಕೆಲಸ ಮಾಡುವ ತಂತ್ರಾಂಶ. ಡಾಟಾ ಎಂಟ್ರಿ ಆಪರೇಟರ್ ಪರದೆಯ ಮೇಲೆ ಮಾಡುವುದನ್ನೇ ಅದೂ ಮಾಡುತ್ತದೆ: ಕಡತ ತೆರೆಯುತ್ತದೆ, ನಿಗದಿತ ಸಾಲನ್ನು ಓದುತ್ತದೆ, ಅಂಕಿಯನ್ನು ಇನ್ನೊಂದು ನಮೂನೆಯಲ್ಲಿ ತುಂಬುತ್ತದೆ, ಉಳಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂಬುದನ್ನು ಮನುಷ್ಯರೇ ಮೊದಲು ಬರೆದುಕೊಟ್ಟಿರಬೇಕು.

ಬಾಟ್ ದಣಿಯುವುದಿಲ್ಲ, ಸಾಲು ತಪ್ಪುವುದಿಲ್ಲ. ಆದರೆ ಅದಕ್ಕೆ ತಿಳಿವಳಿಕೆಯೂ ಇಲ್ಲ. ನಮೂನೆಯ ಒಂದು ಕಾಲಂ ಸ್ಥಳ ಬದಲಾದರೆ ಅದು ನಿಂತುಹೋಗಬಹುದು, ಅಥವಾ ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರನ್ನು ತುಂಬುತ್ತಲೇ ಹೋಗಬಹುದು.

2. ಯಾವ ಕೆಲಸ ಬಾಟ್‌ಗೆ ಯೋಗ್ಯ?

ಮೂರು ಲಕ್ಷಣಗಳಿರುವ ಕೆಲಸ ಯೋಗ್ಯವೆನ್ನಬಹುದು: ಸಂಖ್ಯೆಯಲ್ಲಿ ಹೆಚ್ಚು, ನಿಯಮದಲ್ಲಿ ಸ್ಪಷ್ಟ, ಮಾಹಿತಿ ಈಗಾಗಲೇ ಗಣಕೀಕೃತ. ಆಸ್ತಿ ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ತಃಖ್ತೆಯನ್ನು ಉದಾಹರಣೆಯಾಗಿ ನೋಡೋಣ. ಒಂದು ಪಂಚಾಯಿತಿಯಲ್ಲಿ 1,200 ಆಸ್ತಿಗಳಿವೆ, ಒಂದು ನೋಟಿಸು ಸಿದ್ಧಪಡಿಸಲು 3 ನಿಮಿಷ ಬೇಕು ಎಂದು ಭಾವಿಸಿದರೆ ಒಟ್ಟು 3,600 ನಿಮಿಷ, ಅಂದರೆ 60 ಗಂಟೆ. ದಿನಕ್ಕೆ 8 ಗಂಟೆಯಂತೆ ಒಬ್ಬ ನೌಕರರ ಏಳೂವರೆ ದಿನ ಇದಕ್ಕೇ ಸಲ್ಲುತ್ತದೆ. ಬಾಟ್ ಈ ದಿನಗಳನ್ನು ಉಳಿಸಿಕೊಟ್ಟರೆ ಕರ ವಸೂಲಿಗಾರರು ಮನೆಮನೆಗೆ ಹೋಗಿ ತಕರಾರು ಕೇಳಬಹುದು. ವಸೂಲಿ ರಸೀದಿಗಳನ್ನು ಬ್ಯಾಂಕ್ ಖಾತೆಯ ವಿವರದೊಂದಿಗೆ ತಾಳೆ ನೋಡುವುದು, ಅವಧಿ ಮೀರುತ್ತಿರುವ ಅರ್ಜಿಗಳ ಪಟ್ಟಿ ಮಾಡುವುದು ಸಹ ಇಂಥ ಕೆಲಸಗಳೇ.

ಆದರೆ ಇದೇ ಲೆಕ್ಕಕ್ಕೆ ಮತ್ತೊಂದು ಮುಖವಿದೆ. ಗುಮಾಸ್ತರ ಕೈತಪ್ಪು ಒಂದು ಮನೆಗೆ ತಟ್ಟುತ್ತದೆ. ಬಾಟ್‌ಗೆ ಬರೆದುಕೊಟ್ಟ ನಿಯಮ ತಪ್ಪಾಗಿದ್ದರೆ 1,200 ಮನೆಗಳಿಗೂ ಒಂದೇ ಬಾರಿಗೆ ತಪ್ಪು ನೋಟಿಸು ಹೋಗುತ್ತದೆ. ಆದ್ದರಿಂದ ವಹಿಗಳು ಅಸ್ತವ್ಯಸ್ತವಾಗಿರುವ ಕಡೆ ಮೊದಲು ವಹಿ ಸರಿಯಾಗಬೇಕು, ಬಾಟ್ ಆಮೇಲೆ.

3. ಎಲ್ಲಿ ನಿಲ್ಲಬೇಕು? ಆಸ್ಟ್ರೇಲಿಯಾದ ಪಾಠ

ಆಸ್ಟ್ರೇಲಿಯಾ ಸರ್ಕಾರವು ನಿರುದ್ಯೋಗಿಗಳು ಮೊದಲಾದವರಿಗೆ ಎರಡು ವಾರಕ್ಕೊಮ್ಮೆ ನೆರವಿನ ಹಣ ನೀಡುತ್ತದೆ. ಹೆಚ್ಚುವರಿಯಾಗಿ ಪಾವತಿಯಾದ ಹಣವನ್ನು ಪತ್ತೆಹಚ್ಚುವ ಕೆಲಸವನ್ನು ಅಲ್ಲಿ 2015ರ ನಂತರ ಹಂತಹಂತವಾಗಿ ಗಣಕ ವ್ಯವಸ್ಥೆಗೆ ಒಪ್ಪಿಸಲಾಯಿತು. ರೋಬೋಡೆಟ್ ಎಂಬ ಹೆಸರಿನಿಂದ ಅದು ಕುಖ್ಯಾತವಾಯಿತು. ಅದು ಪರದೆಯ ಮೇಲೆ ನಮೂನೆ ತುಂಬುವ ಬಾಟ್ ಅಲ್ಲ, ಬಾಕಿಯನ್ನು ತಾನೇ ಲೆಕ್ಕಹಾಕುವ ವ್ಯವಸ್ಥೆ. ಆದರೂ ಅದರ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

ತೆರಿಗೆ ಕಚೇರಿಯಲ್ಲಿದ್ದ ವಾರ್ಷಿಕ ಆದಾಯವನ್ನು ಆ ವ್ಯವಸ್ಥೆ 26 ಸಮಭಾಗ ಮಾಡಿ ಪ್ರತಿ ಎರಡು ವಾರಕ್ಕೆ ಹಂಚುತ್ತಿತ್ತು. ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದ ಕಾರ್ಮಿಕನನ್ನು ಊಹಿಸಿಕೊಳ್ಳಬಹುದು. ವ್ಯವಸ್ಥೆಯ ಲೆಕ್ಕದಲ್ಲಿ ಅವನು ಕೆಲಸವಿಲ್ಲದ ದಿನಗಳಲ್ಲೂ ಎರಡು ವಾರಕ್ಕೆ 1,000 ಡಾಲರ್ ಗಳಿಸಿದವನಾಗುತ್ತಿದ್ದ. ಪಡೆದ ನೆರವನ್ನು ಹಿಂದಿರುಗಿಸಬೇಕೆಂದು ಅವನಿಗೆ ಪತ್ರ ಹೋಗುತ್ತಿತ್ತು. ತನ್ನದು ತಪ್ಪಲ್ಲವೆಂದು ಹಳೆಯ ಸಂಬಳದ ಚೀಟಿಗಳಿಂದ ಸಾಬೀತುಪಡಿಸುವ ಹೊರೆಯೂ ಅವನ ಮೇಲೆಯೇ ಬೀಳುತ್ತಿತ್ತು. ಹಿಂದೆ ಇಂಥ ವ್ಯತ್ಯಾಸಗಳನ್ನು ವಿಚಾರಿಸುತ್ತಿದ್ದ ಸಿಬ್ಬಂದಿಯ ಪರಿಶೀಲನೆಯನ್ನು ಬಹುಮಟ್ಟಿಗೆ ಕೈಬಿಡಲಾಗಿತ್ತು.

ಈ ರೀತಿಯ ವಸೂಲಿಗೆ ಕಾನೂನಿನ ಆಧಾರವಿಲ್ಲವೆಂದು 2019ರಲ್ಲಿ ಸರ್ಕಾರ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಸುಮಾರು 4.7 ಲಕ್ಷ ಬಾಕಿಗಳಿಗೆ ಸಂಬಂಧಿಸಿದ 72.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಹಿಂದಿರುಗಿಸುವುದಾಗಿ 2020ರ ಮೇ ತಿಂಗಳಲ್ಲಿ ಘೋಷಿಸಿತು. 2023ರಲ್ಲಿ ವಿಚಾರಣಾ ಆಯೋಗವು ಇಡೀ ಯೋಜನೆ ನ್ಯಾಯವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದು ವರದಿ ನೀಡಿತು.

ಸುಗ್ಗಿಯಲ್ಲಿ ದುಡಿದು ಬೇಸಿಗೆಯಲ್ಲಿ ಕೈ ಬರಿದಾಗುವ ಕೃಷಿ ಕೂಲಿಕಾರರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಸರಾಸರಿ ಎಂಬ ಲೆಕ್ಕ ಅವರ ಬದುಕನ್ನು ಹಿಡಿಯಲಾರದು. ಒಂದೇ ವ್ಯಕ್ತಿಯ ಹೆಸರು ಒಂದು ದಾಖಲೆಯಲ್ಲಿ ಲಕ್ಷ್ಮವ್ವ, ಇನ್ನೊಂದರಲ್ಲಿ ಲಕ್ಷ್ಮೀಬಾಯಿ ಎಂದಿದ್ದರೆ ಬಾಟ್‌ಗೆ ಅವರು ಇಬ್ಬರು. ಊರಿನ ಸದಸ್ಯರಿಗೆ ಅವರು ಒಬ್ಬರೇ ಎಂದು ಗೊತ್ತು. ಆದುದರಿಂದ ಬಾಟ್ ಪಟ್ಟಿ ಮಾಡಲಿ, ವ್ಯತ್ಯಾಸವನ್ನು ತೋರಿಸಲಿ. ಯಾರದೇ ಅರ್ಜಿಯನ್ನು ತಿರಸ್ಕರಿಸುವ, ಸೌಲಭ್ಯವನ್ನು ನಿಲ್ಲಿಸುವ, ದಂಡ ವಿಧಿಸುವ ತೀರ್ಮಾನ ಮಾತ್ರ ವಿಚಾರಣೆ ಮಾಡಿದ ಅಧಿಕಾರಿಯದೇ ಆಗಿರಬೇಕು.

4. ಹೊಣೆ ಗುರುತಿಸುವ ಕ್ರಮ: ಭೂಮಿ ಯೋಜನೆ

ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತವಾದವು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ಆದರೆ ನೋಟಿಸು ನೀಡಿ ಆಕ್ಷೇಪಣೆಗೆ ಅವಕಾಶ ಕೊಡುವ ಹಂತವನ್ನು ಕೈಬಿಡಲಿಲ್ಲ. ಅಧಿಕಾರಿಗಳು ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸುವ ವ್ಯವಸ್ಥೆ ಇದ್ದುದರಿಂದ ಯಾವ ಬದಲಾವಣೆ ಯಾರದೆಂದು ಗುರುತಿಸಲು ಸಾಧ್ಯವಾಯಿತು. ಸರದಿ ಕಾಯುವುದು ಯಂತ್ರದ ಪಾಲಿಗೆ, ಒಪ್ಪಿಗೆಯ ಹೊಣೆ ಅಧಿಕಾರಿಯ ಪಾಲಿಗೆ ಎಂಬ ಈ ಹಂಚಿಕೆಯೇ ಬಾಟ್ ಬಳಕೆಗೂ ಮಾದರಿ.

ಇಲ್ಲಿ ಡಿಜಿಟಲ್ ಸಹಿಯ ವಿಷಯ ಮುಖ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಅದಕ್ಕೆ ಕಾನೂನಿನ ಮಾನ್ಯತೆಯಿದೆ. ಸಹಿಯ ಸಾಧನವನ್ನು ಗಣಕಯಂತ್ರಕ್ಕೆ ಸಿಕ್ಕಿಸಿಟ್ಟು ಬಾಟ್‌ನಿಂದ ಸಹಿ ಮಾಡಿಸುವುದು, ಮೊಹರನ್ನು ಕಚೇರಿಯ ಜಗಲಿಯ ಮೇಲೆ ಬಿಟ್ಟು ಬಂದಂತೆ.

5. ನಿರ್ಣಯಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಬಾಟ್ ಬಳಕೆಯ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನವುಗಳನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

(ಅ) ಕೆಲಸದ ಹೆಜ್ಜೆಗಳನ್ನು ಕನ್ನಡದಲ್ಲಿ ಬರೆದು ಸಭೆಗೆ ಒದಗಿಸಲಾಗಿದೆಯೇ?
(ಆ) ಸರ್ಕಾರದ ತಂತ್ರಾಂಶದಲ್ಲಿ ಬಾಟ್ ಓಡಿಸಲು ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿ ಇದೆಯೇ?
(ಇ) ನೌಕರರ ಪಾಸ್‌ವರ್ಡ್ ಹಾಗೂ ಸಾರ್ವಜನಿಕರ ಆಧಾರ್, ಬ್ಯಾಂಕ್ ವಿವರಗಳು ಖಾಸಗಿಯವರ ಕೈ ಸೇರದಂತೆ ಯಾವ ಕ್ರಮವಿದೆ?
(ಈ) ಮೊದಲ ತಿಂಗಳು ಒಂದೇ ವಾರ್ಡಿನಲ್ಲಿ ಪ್ರಯೋಗಿಸಿ, ಫಲಿತಾಂಶವನ್ನು ಕೈಬರಹದ ವಹಿಯೊಂದಿಗೆ ತಾಳೆ ನೋಡಲಾಗುವುದೇ?
(ಉ) ತಪ್ಪು ಕಂಡಲ್ಲಿ ಗ್ರಾಮಸ್ಥರು ಯಾರನ್ನು ಕಾಣಬೇಕು, ಎಷ್ಟು ದಿನದಲ್ಲಿ ಸರಿಪಡಿಸಬೇಕು?
(ಊ) ಬಾಟ್ ನಿಂತುಹೋದರೆ ಕೆಲಸವನ್ನು ಕೈಯಿಂದ ಮುಂದುವರಿಸಬಲ್ಲ ನೌಕರರು ಇರುವರೇ?
(ಋ) ಉಳಿದ ಸಮಯವನ್ನು ಯಾವ ಸೇವೆಗೆ ಬಳಸಲಾಗುವುದು?

6. ಚರ್ಚೆಗೆ

1) ನಿಮ್ಮ ಪಂಚಾಯಿತಿಯಲ್ಲಿ ಒಂದೇ ಮಾಹಿತಿಯನ್ನು ಎರಡು ಅಥವಾ ಮೂರು ಕಡೆ ಬರೆಯುವ ಕೆಲಸಗಳು ಯಾವುವು? ಅವುಗಳಲ್ಲಿ ಬಾಟ್ ಇಲ್ಲದೆಯೇ ರದ್ದುಪಡಿಸಬಹುದಾದವು ಎಷ್ಟು?
2) ನಿಮ್ಮ ವಾರ್ಡಿನಲ್ಲಿ ಹೆಸರಿನ ವ್ಯತ್ಯಾಸದಿಂದ ಸೌಲಭ್ಯ ತಪ್ಪಿದ ಕುಟುಂಬಗಳಿವೆಯೇ? ಬಾಟ್ ಬಂದರೆ ಅವರ ಕಷ್ಟ ಇಳಿಯುವುದೇ, ಏರುವುದೇ?
3) ತಪ್ಪು ನೋಟಿಸು ಪಡೆದ ವೃದ್ಧೆಯೊಬ್ಬರು ಕಚೇರಿಗೆ ಬಂದರೆ, ‘ಗಣಕಯಂತ್ರ ಹಾಗೆ ತೋರಿಸುತ್ತಿದೆ’ ಎಂಬುದನ್ನು ಬಿಟ್ಟು ನೌಕರರು ಕೊಡಬೇಕಾದ ಉತ್ತರವೇನು?