ಮಳೆಯಲ್ಲಿ ಸೈಕಲ್ ಸವಾರಿ: ನಡುಕವನ್ನು ಕಡೆಗಣಿಸಬೇಡಿ

‘ಮಳೆಯಲ್ಲಿ ನೆಂದರೆ ಜ್ವರ ಬರುತ್ತದೆ’ ಎಂದು ಮನೆಯ ಹಿರಿಯರು ಗದರುವುದುಂಟು. ನೆಗಡಿ, ಜ್ವರ ತರುವುದು ಮಳೆನೀರಲ್ಲ, ವೈರಾಣುಗಳು. ಆದರೆ ನೆಂದ ಮೈಗೆ ಗಾಳಿ ಬಡಿದಾಗ ಆಗುವ ಇನ್ನೊಂದು ತೊಂದರೆಯಿದೆ. ಅದರಲ್ಲಿ ಮೈ ಬಿಸಿಯಾಗುವುದಿಲ್ಲ, ಅಪಾಯಕರವಾಗಿ ತಣ್ಣಗಾಗುತ್ತದೆ. ಗೆಳೆಯರೊಡನೆ ಸೈಕಲ್ ಏರಿ ಮಲೆನಾಡಿನತ್ತ ಹೊರಡುವ ಮಕ್ಕಳಿರುವ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

2019ರ ಜುಲೈನಲ್ಲಿ ನಾವು ನಾಲ್ವರು ಗೆಳೆಯರು ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಸೈಕಲ್ಲಿನಲ್ಲಿ ಹೊರಟಿದ್ದೆವು. ಎರಡನೆಯ ದಿನ ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟಾಗ ಹಿಡಿದ ಮಳೆ ಆಗುಂಬೆ ತಲುಪಿದರೂ ಬಿಡಲಿಲ್ಲ. ಒಂದು ಸಣ್ಣ ಹೋಟೆಲಿನ ಮುಂದೆ ನಿಂತೆವು. ದಾರಿಯುದ್ದಕ್ಕೂ ಹರಟುತ್ತಿದ್ದ ಗೆಳೆಯನೊಬ್ಬ ಮಾತೇ ಆಡಲಿಲ್ಲ. ಯಾವುದೋ ತಮಾಷೆಗೆ ಮುನಿಸಿಕೊಂಡಿರಬೇಕು ಎಂದುಕೊಂಡೆ. ಉಳಿದವರು, ‘ಬೇಗ ಘಾಟಿ ಇಳಿದುಬಿಡೋಣ, ಕೆಳಗೆ ಬೆಚ್ಚಗಿರುತ್ತದೆ’ ಎಂದು ಅವಸರ ಮಾಡುತ್ತಿದ್ದರು. ಅವನ ಬೆರಳುಗಳಿಗೆ ಮಳೆಕೋಟಿನ ಗುಂಡಿ ಬಿಚ್ಚಲಾಗುತ್ತಿಲ್ಲ ಎಂಬುದನ್ನು ಕಂಡಾಗಲೇ ನನಗೆ ಹೊಳೆದದ್ದು. ದಿನವೂ ರೋಗಿಗಳನ್ನು ನೋಡುವವನ ಪಾಡು ಇದು!

ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35 ಡಿಗ್ರಿಗಿಂತ ಕೆಳಗಿಳಿದರೆ ‘ಹೈಪೋಥರ್ಮಿಯ’ ಎನ್ನುತ್ತೇವೆ. ಇದು ಹಿಮಾಲಯ ಹತ್ತುವವರಿಗೆ ಮಾತ್ರ ಬರುವುದೆಂದು ತಿಳಿಯಬೇಡಿ. ಮಳೆ, ಗಾಳಿ, ದಣಿವು, ಖಾಲಿ ಹೊಟ್ಟೆ ಒಟ್ಟುಗೂಡಿದರೆ ಹಿಮವೇ ಬೇಕಿಲ್ಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ಒದ್ದೆಯಾದ ಹತ್ತಿಬಟ್ಟೆ ಮೈಗೆ ಅಂಟಿಕೊಂಡಿದ್ದರಂತೂ ಕೇಳುವುದೇ ಬೇಡ. ಏರು ಹತ್ತುವಾಗ ಕಾಲಿನ ಸ್ನಾಯುಗಳು ದುಡಿದು ಶಾಖ ಕೊಡುತ್ತವೆ. ಇಳಿಜಾರಿನಲ್ಲಿ ತುಳಿಯುವ ಕೆಲಸವಿಲ್ಲ, ಬಡಿಯುವ ಗಾಳಿಯೋ ಹೆಚ್ಚು. ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳಲ್ಲಿ ಮರಗಟ್ಟಿದ ಬೆರಳಿನಿಂದ ಬ್ರೇಕ್ ಒತ್ತುವುದನ್ನು ಊಹಿಸಿಕೊಳ್ಳಿ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ಹಿಡಿಯುವುದೂ ತಡವೇ.

ನಡುಕ ಶರೀರವು ತಾನೇ ಶಾಖ ಹುಟ್ಟಿಸಿಕೊಳ್ಳುವ ಉಪಾಯ. ಮಾತು ತಡವರಿಸುವುದು, ಎಡವುವುದು, ಕೈಯಲ್ಲಿದ್ದುದು ಜಾರುವುದು, ಸಿಡುಕು, ಮೌನ ಇವು ನಂತರದ ಸೂಚನೆಗಳು. ಮೈ ತಣ್ಣಗಿರುವಾಗಲೇ ನಡುಕ ನಿಂತರೆ ಚೇತರಿಕೆ ಎಂದು ಸಮಾಧಾನಪಡಬೇಡಿ, ಸ್ಥಿತಿ ವಿಷಮಿಸಿದೆ ಎಂದರ್ಥ. ಬುದ್ಧಿಯೂ ಮಂಕಾಗುವುದರಿಂದ ‘ನನಗೇನೂ ಆಗಿಲ್ಲ’ ಎಂದೇ ಅವನು ಹೇಳುತ್ತಾನೆ. ಆ ಮಾತನ್ನು ನಂಬಬೇಡಿ, ಗುರುತಿಸಬೇಕಾದವರು ಜೊತೆಗಾರರೇ.

ಹೋಟೆಲಿನವರು ನಮ್ಮನ್ನು ಅಡಿಗೆಮನೆಗೇ ಕರೆದುಕೊಂಡರು. ಒದ್ದೆಬಟ್ಟೆ ಕಳಚಿಸಿ, ಮೈ ಒರೆಸಿ, ಒಣಗಿದ ಪಂಚೆ ಉಡಿಸಿ, ತಲೆಯಿಂದ ಕಂಬಳಿ ಹೊದಿಸಿದೆವು. ಅವನಿಗೆ ಎಚ್ಚರವಿತ್ತು, ನುಂಗಲು ಬರುತ್ತಿತ್ತು, ಆದ್ದರಿಂದ ಬಿಸಿಯಾದ, ಸಿಹಿಯಾದ ಕಾಫಿ ಕೊಟ್ಟೆವು. ಮಂಪರಿದ್ದವರ ಬಾಯಿಗೆ ಏನನ್ನೂ ಹಾಕಬಾರದು. ಅವರನ್ನು ಹೆಚ್ಚು ಅಲುಗಾಡಿಸದೆ ಮಲಗಿಸಿ, ಹೊದಿಸಿ, 108ಕ್ಕೆ ಫೋನ್ ಮಾಡಿ. ಕೈಕಾಲು ತಿಕ್ಕುವುದು, ಬಿಸಿನೀರಿನ ಸ್ನಾನ ಬೇಡ. ಬ್ರಾಂದಿಯಂತೂ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ, ಒಳಗಿನ ಶಾಖವನ್ನೇ ಹೊರಹಾಕುತ್ತದೆ.

ಒಂದು ಗಂಟೆಯ ಬಳಿಕ ಗೆಳೆಯ, ‘ಇನ್ನೂ ಯಾಕೆ ಕೂತಿದ್ದೀರಿ?’ ಎಂದು ನಮ್ಮನ್ನೇ ದಬಾಯಿಸಿದ. ಘಾಟಿಯನ್ನು ಮಾತ್ರ ಬಾಡಿಗೆ ಜೀಪಿನಲ್ಲಿ ಇಳಿದೆವು, ಸೈಕಲ್ಲುಗಳೂ ಜೊತೆಗೇ.

ನಿಮ್ಮ ಮಕ್ಕಳು ಹೊರಟರೆ ಒಂದು ಜೊತೆ ಒಣಬಟ್ಟೆ, ಉಣ್ಣೆಯ ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಡಿ. ಜೇಬಿನಲ್ಲಿ ಕಡಲೆಮಿಠಾಯಿ ಇರಲಿ, ಗಂಟೆಗೊಮ್ಮೆ ತಿನ್ನಲು ಹೇಳಿ. ಮಳೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ; ನೀರನ್ನೂ ಮರೆಯಬಾರದು.

ಜ್ವರದ ಮಾತಿನಿಂದ ಶುರುಮಾಡಿದೆನಲ್ಲ, ಒಂದು ಜ್ವರ ಮಾತ್ರ ಮಳೆಗಾಲದ ನಿಂತ ನೀರಿನಿಂದ ನಿಜವಾಗಿಯೂ ಬರುತ್ತದೆ. ಅದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗುಲಿದರೆ ರೋಗಾಣು ಒಳಸೇರಬಹುದು. ಪ್ರವಾಸದಿಂದ ಬಂದ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೂಡಲೇ ವೈದ್ಯರ ಬಳಿ ಹೋಗಿ, ಮಳೆನೀರಿನಲ್ಲಿ ಓಡಾಡಿದ್ದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ.